ದುಬಾರಿ ಫಿಶಿಂಗ್ ರೀಲು: ಕೊಟ್ಟ ದುಡ್ಡು ಹೋಗುವುದು ಎಲ್ಲಿಗೆ?

ಒಂದೇ ಗಾತ್ರದ ಎರಡು ಸ್ಪಿನ್ನಿಂಗ್ ರೀಲುಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಎರಡರ ಮೇಲೂ 3000 ಎಂದು ಬರೆದಿದೆ. ಎರಡೂ ಅಷ್ಟೇ ದಾರ ಹಿಡಿಯುತ್ತವೆ, ಹಿಡಿಕೆ ಒಂದು ಸುತ್ತು ತಿರುಗಿಸಿದರೆ ಎರಡೂ ಹೆಚ್ಚುಕಡಿಮೆ ಮುಕ್ಕಾಲು ಮೀಟರ್ ದಾರ ಎಳೆದುಕೊಳ್ಳುತ್ತವೆ. ಬೆಲೆ ಮಾತ್ರ ಒಂದರದ್ದು ಇನ್ನೊಂದರ ಇಪ್ಪತ್ತು ಪಟ್ಟು ಇರಬಹುದು. ನೀರಿನಲ್ಲಿರುವ ಮೀನಿಗಂತೂ ಇದರ ಗೊಡವೆಯಿಲ್ಲ. 1905ರಲ್ಲಿ ಇಂಗ್ಲೆಂಡಿನ ಆಲ್ಫ್ರೆಡ್ ಇಲ್ಲಿಂಗ್‌ವರ್ತ್ ಪೇಟೆಂಟ್ ಪಡೆದ ರೀಲಿನಲ್ಲಿ ಸ್ಪೂಲ್, ಅಂದರೆ ದಾರ ಸುತ್ತಿಕೊಳ್ಳುವ ಉರುಳೆ, ನಿಂತಲ್ಲೇ ನಿಂತಿರುತ್ತಿತ್ತು, ದಾರ ಅದರ ಅಂಚಿನಿಂದ ಬಿಚ್ಚಿಕೊಳ್ಳುತ್ತಿತ್ತು. ಇವತ್ತಿನ ಅಗ್ಗದ ರೀಲಿನಲ್ಲೂ, ಶಿಮಾನೊ ಸ್ಟೆಲ್ಲಾದಂಥ ಮೇಲ್ದರ್ಜೆಯ ರೀಲಿನಲ್ಲೂ ನಡೆಯುವುದು ಅದೇ ಕೆಲಸ.

ಹಾಗಾದರೆ ಹೆಚ್ಚಿನ ದುಡ್ಡು ಯಾವುದಕ್ಕೆ? ಬಹುಪಾಲು, ಅದೇ ಕೆಲಸವನ್ನು ಎಷ್ಟು ಸಲ ಮಾಡಿದ ಮೇಲೂ ರೀಲು ಮೊದಲ ದಿನದಂತೆಯೇ ಇರುತ್ತದೆ ಎನ್ನುವುದಕ್ಕೆ. ಆದ್ದರಿಂದ "ದುಬಾರಿ ರೀಲು ತೆಗೆದುಕೊಳ್ಳಬೇಕೇ" ಎಂದು ಕೇಳುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆಯೇ ಇದೆ: ಒಂದು ದಿನಕ್ಕೆ ಹಿಡಿಕೆ ಎಷ್ಟು ಸುತ್ತು ತಿರುಗುತ್ತದೆ, ಮತ್ತು ಯಾವ ನೀರಿನಲ್ಲಿ?

ಸುತ್ತುಗಳ ಲೆಕ್ಕ

ಸ್ಪೂಲಿನ ಮೇಲಿನ ದಾರದ ವ್ಯಾಸ 46 ಮಿ.ಮೀ., ಗೇರ್ ಅನುಪಾತ 5.2:1 (ಹಿಡಿಕೆಯ ಒಂದು ಸುತ್ತಿಗೆ, ಸ್ಪೂಲಿನ ಸುತ್ತ ದಾರ ಸುತ್ತುವ ರೋಟರ್ 5.2 ಸುತ್ತು) ಎಂದುಕೊಳ್ಳಿ. ಒಂದು ಸುತ್ತಿಗೆ ಬರುವ ದಾರ 46 × 3.14 × 5.2, ಅಂದರೆ ಸುಮಾರು 75 ಸೆಂ.ಮೀ. ಲೂರ್ (ಮೀನನ್ನು ಸೆಳೆಯುವ ಕೃತಕ ಎರೆ) ಎಸೆದು ಸುತ್ತುವವರು 30 ಮೀಟರ್ ದೂರ ಎಸೆದರೆ ಪ್ರತಿ ಎಸೆತಕ್ಕೆ 40 ಸುತ್ತು. ಬೆಳಗಿನಿಂದ ಸಂಜೆಯವರೆಗೆ 200 ಸಲ ಎಸೆಯುವುದೇನೂ ದೊಡ್ಡದಲ್ಲ, ಅಲ್ಲಿಗೆ 8,000 ಸುತ್ತಾಯಿತು. ಅಷ್ಟರಲ್ಲಿ ರೋಟರ್ ತಿರುಗಿದ್ದು ನಲವತ್ತು ಸಾವಿರಕ್ಕೂ ಹೆಚ್ಚು ಸಲ.

ಎರೆ ಕಟ್ಟಿ, ತೂಕದ ಸೀಸ ಹಾಕಿ, ತಳಕ್ಕೆ ಬಿಟ್ಟು ಕಾಯುವವರ ಲೆಕ್ಕ ಬೇರೆ. 60 ಮೀಟರ್ ದೂರ ಹಾಕಿದರೂ ವಾಪಸು ಸುತ್ತಲು 80 ಸುತ್ತು ಸಾಕು. ದಿನಕ್ಕೆ ಹನ್ನೆರಡು ಸಲ ಎರೆ ಬದಲಿಸಿದರೆ ಸಾವಿರದ ಒಳಗೆ. ಎಂಟು ದಿನ ಕಾಯುವವರ ರೀಲು ಸವೆಯುವಷ್ಟು, ಲೂರ್ ಎಸೆಯುವವರ ರೀಲು ಒಂದೇ ದಿನದಲ್ಲಿ ಸವೆಯುತ್ತದೆ. ತಿಂಗಳಿಗೆ ಎರಡು ದಿನ ಕೆರೆಯ ದಡದಲ್ಲಿ ಕೂತು ಕಾಯುವವರಿಗೆ ಮೇಲ್ದರ್ಜೆಯ ರೀಲಿನ ಗೇರು ಸವೆಸುವುದು ಈ ಜನ್ಮದಲ್ಲಿ ಆಗುವ ಕೆಲಸವಲ್ಲ. ಅವರು ಆ ಗೇರಿಗೆ ಕೊಟ್ಟ ದುಡ್ಡು ಖುಷಿಗೆ ಕೊಟ್ಟದ್ದು. ತಪ್ಪೇನಿಲ್ಲ, ಆದರೆ ಅದು ಹಾಗೆಂದು ಗೊತ್ತಿರಬೇಕು.

ದೇಹ ಬಾಗಿದರೆ ಗೇರು ಹೋಯಿತು

ಸ್ಪಿನ್ನಿಂಗ್ ರೀಲಿನೊಳಗೆ ಎರಡು ಮುಖ್ಯ ಗೇರುಗಳಿವೆ. ಹಿಡಿಕೆಯ ಜೊತೆ ತಿರುಗುವ ದೊಡ್ಡ ತಟ್ಟೆಯಂಥದ್ದು ಮೇನ್ ಗೇರ್. ಅದಕ್ಕೆ ಲಂಬವಾಗಿ ಕೂತು ರೋಟರನ್ನು ತಿರುಗಿಸುವ, ಸಾಮಾನ್ಯವಾಗಿ ಹಿತ್ತಾಳೆಯ, ಸಣ್ಣ ಕೊಳವೆ ಪಿನಿಯನ್. ಇವೆರಡರ ಹಲ್ಲುಗಳು ಒಂದಕ್ಕೊಂದು ಕೂರುವ ಜಾಗದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಾದರೂ ಸಾಕು, ಭಾರ ಹಲ್ಲಿನ ಪೂರ್ತಿ ಮುಖದ ಮೇಲೆ ಬೀಳುವ ಬದಲು ಅಂಚಿನ ಮೇಲೆ ಬೀಳುತ್ತದೆ. ಕೈಗೆ ಮೊದಲು ಮರಳು ಅರೆದಂತೆ ಅನಿಸುತ್ತದೆ, ಆಮೇಲೆ ಸದ್ದು, ಕೊನೆಗೆ ಹಲ್ಲು ಜಾರುತ್ತದೆ.

ಅಗ್ಗದ ರೀಲಿನಲ್ಲಿ ಗೇರು ಕೆಡುವುದಕ್ಕೆ ಬಹಳ ಸಲ ಗೇರೇ ಕಾರಣವಾಗಿರುವುದಿಲ್ಲ. ಪ್ಲಾಸ್ಟಿಕ್ ದೇಹ ಭಾರ ಬಿದ್ದಾಗ ಬಾಗುತ್ತದೆ. ರಾಡಿಗೆ ಸಿಕ್ಕಿಸುವ ಪಾದ ಮತ್ತು ದೇಹದ ನಡುವಿನ ಕತ್ತು ಎಳೆತಕ್ಕೆ ಸೊಟ್ಟಗಾಗುತ್ತದೆ, ಒಳಗಿನ ಬೇರಿಂಗುಗಳು ಕೂತ ಜಾಗ ಜರುಗುತ್ತದೆ, ಹಲ್ಲುಗಳು ತಪ್ಪು ಕೋನದಲ್ಲಿ ಉಜ್ಜುತ್ತವೆ. ನೆಲದಲ್ಲಿ ಸಿಕ್ಕಿಕೊಂಡ ಗಾಳವನ್ನು ರೀಲು ತಿರುಗಿಸಿಯೇ ಬಿಡಿಸಲು ಹೋಗುವವರ ರೀಲು ಬೇಗ ಸಾಯುವುದು ಇದಕ್ಕೇ. ಸಿಕ್ಕಿದ ಗಾಳ ಬಿಡಿಸಬೇಕಾದರೆ ರಾಡನ್ನು ದಾರದ ನೇರಕ್ಕೆ ಹಿಡಿದು, ಸ್ಪೂಲನ್ನು ಅಂಗೈಯಿಂದ ಒತ್ತಿಕೊಂಡು, ಹಿಂದಕ್ಕೆ ನಡೆಯಬೇಕು. ಸಣ್ಣ ಎಳೆಗಳನ್ನು ಹೆಣೆದು ಮಾಡಿದ ಬ್ರೇಡ್ ದಾರವನ್ನು ಮಾತ್ರ ಬರಿಗೈಗೆ ಸುತ್ತಿಕೊಂಡು ಎಳೆಯಬೇಡಿ, ಬೆರಳು ಕತ್ತರಿಸುತ್ತದೆ.

ಇಲ್ಲಿ ಹೆಚ್ಚು ಕೊಟ್ಟ ದುಡ್ಡಿಗೆ ನಿಜವಾಗಿಯೂ ಪ್ರತಿಫಲ ಸಿಗುತ್ತದೆ. ಅಲ್ಯೂಮಿನಿಯಮ್ ದೇಹ, ಇಲ್ಲವೇ ಡೈವಾದ ಜಾಯಾನ್, ಶಿಮಾನೊದ ಸಿಐ4+ ಥರದ ಕಾರ್ಬನ್ ಎಳೆ ಬೆರೆಸಿದ ಗಟ್ಟಿ ಪ್ಲಾಸ್ಟಿಕ್ ದೇಹ, ಯಂತ್ರದಲ್ಲಿ ಕಡೆದ ಅಥವಾ ತಣ್ಣಗೆ ಒತ್ತಿ ರೂಪಿಸಿದ ಅಲ್ಯೂಮಿನಿಯಮ್ ಗೇರು, ಇವು ಸಿಗುವುದು ಮಧ್ಯಮ ದರ್ಜೆಯಿಂದ. ಪೆನ್ ಬ್ಯಾಟಲ್, ಡೈವಾ ಬಿಜಿ, ಶಿಮಾನೊ ಸ್ಟ್ರಾಡಿಕ್ ಮುಂತಾದವು ಜನಪ್ರಿಯವಾಗಿದ್ದರೆ ಅದಕ್ಕೆ ಕಾರಣ ಈ ಗಟ್ಟಿತನ. ಅಚ್ಚಿಗೆ ಹೊಯ್ದ ಸತುವಿನ ಗೇರನ್ನು ಕಂಡೊಡನೆ ಮುಖ ತಿರುಗಿಸಬೇಕಿಲ್ಲ. ಸತು ತೂಕ ಜಾಸ್ತಿ, ಹಲ್ಲಿನ ಮುಖ ಅಷ್ಟು ನುಣುಪಲ್ಲ, ಆದರೆ ಗಟ್ಟಿ ದೇಹದೊಳಗೆ ಸರಿಯಾಗಿ ಕೂತ ಸತುವಿನ ಗೇರು, ಬಾಗುವ ದೇಹದೊಳಗಿನ ಒಳ್ಳೆಯ ಗೇರಿಗಿಂತ ಹೆಚ್ಚು ಬಾಳುತ್ತದೆ.

ಡ್ರ್ಯಾಗ್: ಪೆಟ್ಟಿಗೆಯ ಮೇಲಿನ ಅಂಕಿ ಸುಳ್ಳಲ್ಲ, ಉಪಯೋಗವಿಲ್ಲ

ಮೀನು ಜೋರಾಗಿ ಎಳೆದಾಗ ದಾರ ತುಂಡಾಗದಂತೆ, ಸ್ಪೂಲನ್ನು ತಡೆಯುತ್ತಲೇ ದಾರ ಬಿಡುವ ಬ್ರೇಕೇ ಡ್ರ್ಯಾಗ್. "ಗರಿಷ್ಠ ಡ್ರ್ಯಾಗ್ 10 ಕೆ.ಜಿ." ಎಂದು ದೊಡ್ಡಕ್ಷರದಲ್ಲಿ ಬರೆದ ಸಣ್ಣ ರೀಲುಗಳಿಗೆ ಬರವಿಲ್ಲ. ರಾಡ್ ಹಿಡಿದು ನಿಂತು 5 ಕೆ.ಜಿ. ಎಳೆತ ತಡೆಯುವುದೇ ಕಷ್ಟ, ರಾಡಿನ ಉದ್ದ ನಿಮಗೆ ವಿರುದ್ಧವಾಗಿ ಸನ್ನೆಯಂತೆ ಕೆಲಸ ಮಾಡುತ್ತದೆ. 3000 ಗಾತ್ರದ ರೀಲಿಗೆ 10 ಕೆ.ಜಿ. ಡ್ರ್ಯಾಗ್ ಎಂದರೆ ಮೂಗಿಗಿಂತ ಮೂಗುತಿ ಭಾರ. ನೋಡಬೇಕಾದದ್ದು ಡ್ರ್ಯಾಗ್ ಎಷ್ಟು ಬಿಗಿಯಾಗುತ್ತದೆ ಎನ್ನುವುದಕ್ಕಿಂತ, ನಿಂತ ಸ್ಪೂಲ್ ಹೊರಡುವಾಗ ಎಷ್ಟು ಜರ್ಕ್ ಕೊಡುತ್ತದೆ ಎನ್ನುವುದನ್ನು.

ಡ್ರ್ಯಾಗ್ ಎಂದರೆ ಸ್ಪೂಲಿನೊಳಗಿನ ಬಿಲ್ಲೆಗಳ ಉಜ್ಜಾಟ. ಅಗ್ಗದ ರೀಲಿನಲ್ಲಿ ಒಂದೋ ಎರಡೋ ಉಣ್ಣೆಬಟ್ಟೆಯಂಥ ಫೆಲ್ಟ್ ಬಿಲ್ಲೆಗಳಿರುತ್ತವೆ. ಒಳ್ಳೆಯದರಲ್ಲಿ ಕಾರ್ಬನ್ ಫೈಬರ್ ಬಿಲ್ಲೆಗಳು ಲೋಹದ ಬಿಲ್ಲೆಗಳ ನಡುವೆ ಒಂದು ಬಿಟ್ಟು ಒಂದು ಕೂತಿರುತ್ತವೆ. ಪೆನ್ ಕಂಪನಿಯ ಎಚ್‌ಟಿ-100 ಈ ಬಗೆಯದ್ದು. ಫೆಲ್ಟ್ ಕೆಟ್ಟದ್ದಲ್ಲ. ಎಣ್ಣೆ ಕುಡಿದ ಫೆಲ್ಟ್ ಹಗುರ ದಾರಕ್ಕೆ ಬಹಳ ನಯವಾಗಿ ಬಿಡುತ್ತದೆ. ಆದರೆ ದೊಡ್ಡ ಮೀನು ಉದ್ದಕ್ಕೆ ಓಡಿದಾಗ ಬಿಸಿಯಾಗುತ್ತದೆ, ಒಣಗುತ್ತದೆ, ಬಿಗಿಯಾಗಿ ಬಿಟ್ಟು ಇಟ್ಟರೆ ಚಪ್ಪಟೆಯಾಗಿ ಅಂಟಿಕೊಳ್ಳುತ್ತದೆ.

ಅಂಟಿಕೊಂಡರೆ ಏನಾಗುತ್ತದೆ ಎನ್ನುವುದನ್ನು ಅಂಕಿಯಲ್ಲೇ ನೋಡೋಣ. ದಾರದ ತಾಳಿಕೆ 6 ಕೆ.ಜಿ. ಗಂಟು ಹಾಕಿದ ಜಾಗದಲ್ಲಿ ಅದು ಶೇ. 80ಕ್ಕೆ ಇಳಿದಿದ್ದರೆ ಉಳಿದದ್ದು 4.8 ಕೆ.ಜಿ. ಡ್ರ್ಯಾಗನ್ನು ದಾರದ ತಾಳಿಕೆಯ ಕಾಲು ಭಾಗದಿಂದ ಮೂರನೇ ಒಂದು ಭಾಗದೊಳಗೆ ಇಡುವುದು ವಾಡಿಕೆ, ಇಲ್ಲಿ 2 ಕೆ.ಜಿ. ಇಟ್ಟಿದ್ದೀರಿ. ಬೇಕಾದಷ್ಟು ಅಂತರವಿದೆ ಅನಿಸುತ್ತದೆ. ಈಗ ಮೀನು ಓಡಿತು. ಸ್ಪೂಲಿನ ಮೇಲೆ ಉಳಿದ ದಾರದ ವ್ಯಾಸ 46ರಿಂದ 34 ಮಿ.ಮೀ.ಗೆ ಇಳಿಯಿತು. ಬಿಲ್ಲೆಗಳು ಕೊಡುವ ತಿರುಚುಬಲ ಅಷ್ಟೇ ಇದ್ದರೂ ವ್ಯಾಸ ಕಡಿಮೆಯಾದದ್ದರಿಂದ ದಾರ ಎಳೆಯಲು ಬೇಕಾದ ಬಲ ಏರುತ್ತದೆ: 2 × 46 ÷ 34, ಅಂದರೆ 2.7 ಕೆ.ಜಿ. ಮೀನು ಒಂದು ಕ್ಷಣ ನಿಂತು ಮತ್ತೆ ಹೊರಟಿತು. ಅಂಟುವ ಡ್ರ್ಯಾಗ್ ಹೊರಡುವಾಗ ಅರ್ಧದಷ್ಟು ಹೆಚ್ಚು ಬಲ ಕೇಳಿದರೆ 4 ಕೆ.ಜಿ. ದಾಟಿತು. ಇದಕ್ಕೆ ಬಾಗಿದ ರಾಡಿನ ಉಂಗುರಗಳ ಉಜ್ಜಾಟ, ನೀರಿನಲ್ಲಿ ಬಿಲ್ಲಿನಂತೆ ಬಾಗಿದ ದಾರದ ಎಳೆತ ಸೇರಿಸಿ. ಗಂಟು ತಡೆಯುವುದು 4.8 ಮಾತ್ರ. "ದಾರ ಚೆನ್ನಾಗಿರಲಿಲ್ಲ" ಎಂದು ಬೈಯುವುದು ಇಂಥ ಹೊತ್ತಿನಲ್ಲೇ.

ನಯವಾದ ಡ್ರ್ಯಾಗಿಗೆ ಕೊಟ್ಟ ದುಡ್ಡು ಹೀಗೆ ಸಾರ್ಥಕವಾಗುತ್ತದೆ, ಅದರಲ್ಲೂ ತೆಳು ದಾರ ಹಾಕುವವರಿಗೆ. ಆದರೆ ವ್ಯಾಸ ಇಳಿದಾಗ ಬಲ ಏರುವುದನ್ನು ಎಷ್ಟೇ ದುಬಾರಿ ರೀಲೂ ತಪ್ಪಿಸಲಾರದು. ಮೀನು ದೂರ ಓಡಿದಾಗ ಡ್ರ್ಯಾಗ್ ಬಿಗಿ ಮಾಡುವ ಚಪಲ ಬಿಟ್ಟು, ಬೇಕಿದ್ದರೆ ಸ್ವಲ್ಪ ಸಡಿಲಿಸಬೇಕು.

ನಿಮ್ಮ ರೀಲಿನ ಡ್ರ್ಯಾಗ್ ಹೇಗಿದೆ ಎಂದು ತಿಳಿಯಲು ನೇತುಹಾಕಿ ತೂಗುವ ಸಣ್ಣ ತಕ್ಕಡಿ ಸಾಕು. ರಾಡಿನ ಉಂಗುರಗಳ ಮೂಲಕ ದಾರ ಹಾಯಿಸಿ, ತುದಿಯನ್ನು ತಕ್ಕಡಿಯ ಕೊಕ್ಕೆಗೆ ಕಟ್ಟಿ. ಒಬ್ಬರು ರಾಡನ್ನು ಸುಮಾರು 45 ಡಿಗ್ರಿಗೆ ಎತ್ತಿ ಹಿಡಿಯಲಿ, ಇನ್ನೊಬ್ಬರು ತಕ್ಕಡಿ ಹಿಡಿದು ನಿಧಾನವಾಗಿ ಹಿಂದಕ್ಕೆ ನಡೆಯಲಿ. ಸ್ಪೂಲ್ ಹೊರಡುವ ಮೊದಲು ಮುಳ್ಳು ಏರುವ ಅಂಕಿ ಒಂದು, ತಿರುಗುತ್ತಿರುವಾಗ ನಿಲ್ಲುವ ಅಂಕಿ ಇನ್ನೊಂದು. ಎರಡರ ನಡುವಿನ ಅಂತರ ಹತ್ತನೇ ಒಂದು ಭಾಗದ ಆಸುಪಾಸು ಇದ್ದರೆ ಚಿಂತೆಯಿಲ್ಲ. ಅರ್ಧದಷ್ಟಿದ್ದರೆ ಬಿಲ್ಲೆಗಳನ್ನು ತೆಗೆದು ಒರೆಸಿ. ಫೆಲ್ಟಿಗೆ ಎಣ್ಣೆ, ಕಾರ್ಬನ್ನಿಗೆ ಡ್ರ್ಯಾಗಿಗೆಂದೇ ಬರುವ ಗ್ರೀಸನ್ನು ತೆಳ್ಳಗೆ ಸವರಿ ಮತ್ತೆ ಅಳೆಯಿರಿ. ಬಿಲ್ಲೆ ತೆಗೆಯುವಾಗ ಅವುಗಳ ಕ್ರಮದ ಫೋಟೊ ಹಿಡಿದುಕೊಳ್ಳಿ. ಕಿವಿಯಿರುವ ಬಿಲ್ಲೆ ಸ್ಪೂಲಿನ ಜೊತೆ ತಿರುಗುವಂಥದ್ದು, ಒಳತೂತು ಚಪ್ಪಟೆಯಿರುವುದು ಶಾಫ್ಟಿನ ಜೊತೆ ನಿಲ್ಲುವಂಥದ್ದು. ಇವು ಅದಲುಬದಲಾದರೆ ಡ್ರ್ಯಾಗ್ ಕೆಲಸವನ್ನೇ ಮಾಡುವುದಿಲ್ಲ.

ಮಧ್ಯಮ ಬೆಲೆಯ ಎಷ್ಟೋ ರೀಲುಗಳಲ್ಲಿ ಫೆಲ್ಟ್ ತೆಗೆದು ಅದೇ ದಪ್ಪದ ಕಾರ್ಬನ್ ಬಿಲ್ಲೆ ಹಾಕಬಹುದು. ಹೊಸ ರೀಲಿಗೆ ಹೋಲಿಸಿದರೆ ಖರ್ಚು ಏನೂ ಅಲ್ಲ. ದಪ್ಪ ಮಾತ್ರ ಹೊಂದಬೇಕು: ತೆಳ್ಳಗಾದರೆ ತಿರುಪು ಕೊನೆಮುಟ್ಟಿದರೂ ಬಿಗಿ ಬರುವುದಿಲ್ಲ, ದಪ್ಪವಾದರೆ ಸಡಿಲಿಸಿದರೂ ಸಡಿಲವಾಗುವುದಿಲ್ಲ.

ಬೇರಿಂಗಿನ ಸಂಖ್ಯೆ ಎಂಬ ಮಾಯೆ

"10+1" ಎಂದರೆ ಹತ್ತು ಬಾಲ್ ಬೇರಿಂಗ್. ಆ ಒಂದು, ಹಿಡಿಕೆ ಹಿಂದಕ್ಕೆ ತಿರುಗದಂತೆ ತಡೆಯುವ ರೋಲರ್ ಕ್ಲಚ್. ಈ ಅಂಕಿ ನೋಡಿ ರೀಲು ಆರಿಸುವುದು ವ್ಯರ್ಥ. ಬೇರಿಂಗ್ ಎಲ್ಲಿದೆ ಎನ್ನುವುದು ಮುಖ್ಯ: ಮೇನ್ ಗೇರಿನ ಎರಡು ಬದಿ, ಪಿನಿಯನ್ನಿನ ಎರಡು ತುದಿ, ಲೈನ್ ರೋಲರ್. ಈ ಐದು ಜಾಗದಲ್ಲಿ ತುಕ್ಕು ತಡೆಯುವ ಒಳ್ಳೆಯ ಬೇರಿಂಗ್ ಇದ್ದರೆ ಸಾಕು. ಹಿಡಿಕೆಯ ಗುಂಡಿಯೊಳಗೆ ಎರಡು ತುರುಕಿ ಸಂಖ್ಯೆ ಏರಿಸಿದರೆ ಕೈಗೆ ಸ್ವಲ್ಪ ನಯ ಅನಿಸಬಹುದು, ಬಾಳಿಕೆಗೆ ಅದರಿಂದೇನೂ ಇಲ್ಲ. ಐದು ಒಳ್ಳೆಯ ಬೇರಿಂಗಿನ ರೀಲು ಹನ್ನೆರಡು ಕಳಪೆ ಬೇರಿಂಗಿನ ರೀಲನ್ನು ಸುಲಭವಾಗಿ ಮೀರಿಸುತ್ತದೆ.

ಎಲ್ಲಕ್ಕಿಂತ ಹೆಚ್ಚು ಗಮನ ಕೊಡಬೇಕಾದ್ದು ದಾರವನ್ನು ಹಿಡಿದು ಸ್ಪೂಲಿನತ್ತ ತಿರುಗಿಸುವ ಬೇಲ್ ತಂತಿಯ ತುದಿಯಲ್ಲಿರುವ ಲೈನ್ ರೋಲರಿಗೆ. ದಾರ ನೀರಿನಿಂದ ಬಂದು ಇಲ್ಲಿ ತಿರುವು ತೆಗೆದುಕೊಂಡು ಸ್ಪೂಲಿಗೆ ಹೋಗುತ್ತದೆ. ರೋಲರಿನ ವ್ಯಾಸ ಸುಮಾರು 8 ಮಿ.ಮೀ., ಸುತ್ತಳತೆ 25 ಮಿ.ಮೀ. ಹಿಡಿಕೆಯ ಒಂದು ಸುತ್ತಿಗೆ 75 ಸೆಂ.ಮೀ. ದಾರ ಅದರ ಮೇಲೆ ಹಾದುಹೋದರೆ ಅದು 30 ಸಲ ತಿರುಗಬೇಕು. 8,000 ಸುತ್ತಿನ ದಿನದಲ್ಲಿ 2,40,000 ಸಲ. ದೇಹದೊಳಗೆ ಭದ್ರವಾಗಿರುವ ಬೇರಿಂಗುಗಳಿಗೆ ಇಷ್ಟು ಕೆಲಸವೂ ಇಲ್ಲ, ನೀರಿನ ಕಾಟವೂ ಇಲ್ಲ. ಇದು ಹೊರಗೆ, ಒದ್ದೆ ದಾರದ ಕೆಳಗೇ ಇದೆ. ಸಮುದ್ರದಲ್ಲಿ ಮೊದಲು ಕೆಡುವ ಬೇರಿಂಗ್ ಇದೇ. ಕೆಟ್ಟಾಗ ಮೊದಲು ಕೀಚಲು ಸದ್ದು ಬರುತ್ತದೆ, ಆಮೇಲೆ ರೋಲರ್ ನಿಂತುಬಿಡುತ್ತದೆ. ನಿಂತ ರೋಲರಿನ ಮೇಲೆ ಉಜ್ಜಿದ ದಾರ ಬಿಸಿಯಾಗಿ ಸವೆಯುತ್ತದೆ, ತಿರುಚಿಕೊಳ್ಳುತ್ತದೆ, ಮುಂದಿನ ಎಸೆತಗಳಲ್ಲಿ ಸಿಕ್ಕಾಗುತ್ತದೆ. ದಾರ ಪದೇಪದೇ ಸಿಕ್ಕಾಗುತ್ತಿದೆ ಎಂದು ಹೊಸ ರೀಲಿನ ಯೋಚನೆ ಮಾಡುವವರು ಮೊದಲು ಈ ಪುಟ್ಟ ಗಾಲಿಯನ್ನು ಬೆರಳಲ್ಲಿ ತಿರುಗಿಸಿ ನೋಡಲಿ.

ನೀರು ತಡೆಯುವ ರೀಲು

ಸಿಹಿನೀರಿನಲ್ಲಿ ದಡದಿಂದ ಮೀನು ಹಿಡಿಯುವವರು ಈ ಭಾಗವನ್ನು ದಾಟಿ ಹೋಗಬಹುದು. ಅಲೆಯ ನಡುವೆ ನಿಂತು, ಬಂಡೆಯ ಮೇಲಿಂದ, ಕಯಾಕಿನಿಂದ ಸಮುದ್ರದ ಮೀನು ಹಿಡಿಯುವವರಿಗೆ ಮಾತ್ರ ದುಬಾರಿ ರೀಲು ಸ್ಪಷ್ಟವಾಗಿ ಗೆಲ್ಲುವ ಜಾಗ ಇದು.

ಪೆನ್ ಸ್ಪಿನ್‌ಫಿಶರ್ 6 ರೀಲಿಗೆ ಐಪಿಎಕ್ಸ್5, ಸ್ಲಾಮರ್ 3ಕ್ಕೆ ಐಪಿಎಕ್ಸ್6 ಎಂಬ, ನೀರು ಎಷ್ಟು ತಡೆಯುತ್ತದೆ ಎಂದು ಹೇಳುವ ದರ್ಜೆಯಿದೆ. ಮೊದಲನೆಯದರ ಪರೀಕ್ಷೆಯಲ್ಲಿ 6.3 ಮಿ.ಮೀ. ನಳಿಕೆಯಿಂದ ನಿಮಿಷಕ್ಕೆ 12.5 ಲೀಟರ್ ನೀರು ಹೊಡೆಯುತ್ತಾರೆ, ಎರಡನೆಯದರಲ್ಲಿ 12.5 ಮಿ.ಮೀ. ನಳಿಕೆಯಿಂದ 100 ಲೀಟರ್. ಎರಡೂ ನೀರು ಚಿಮ್ಮಿಸುವ ಪರೀಕ್ಷೆಗಳು. ಮುಳುಗಿಸುವ ಪರೀಕ್ಷೆ ಐಪಿಎಕ್ಸ್7 ಮತ್ತು 8ರಲ್ಲಿ ಬರುತ್ತದೆ. ಪರೀಕ್ಷೆ ನಡೆಯುವುದು ಹೊಸ ಸೀಲುಗಳ ಮೇಲೆ, ಸಿಹಿನೀರಿನಲ್ಲಿ. ಎರಡು ವರ್ಷ ಉಪ್ಪು, ಮರಳು ಉಜ್ಜಿದ ರಬ್ಬರ್ ಅಷ್ಟೇ ತಡೆಯುತ್ತದೆ ಎಂದು ನಂಬಬಾರದು.

ಸೀಲಿಗೆ ಇನ್ನೊಂದು ಬೆಲೆಯೂ ಇದೆ. ರಬ್ಬರ್ ಶಾಫ್ಟನ್ನು ಅಪ್ಪಿ ಹಿಡಿಯುವುದರಿಂದ ಹಿಡಿಕೆ ತುಸು ಭಾರವಾಗಿ ತಿರುಗುತ್ತದೆ. ಅಂಗಡಿಯಲ್ಲಿ ಹಿಡಿಕೆ ತಿರುವಿ ಬಿಟ್ಟರೆ ಪಕ್ಕದ ಅಗ್ಗದ ರೀಲು ಹತ್ತು ಸುತ್ತು ತಿರುಗಿ ನಿಂತರೆ ಇದು ಎರಡಕ್ಕೇ ನಿಲ್ಲಬಹುದು. ಅದು ದೋಷವಲ್ಲ. ಡೈವಾದ ಮ್ಯಾಗ್‌ಸೀಲ್ ಈ ಭಾರವಿಲ್ಲದೆ, ಆಯಸ್ಕಾಂತ ಹಿಡಿದಿಟ್ಟ ವಿಶೇಷ ಎಣ್ಣೆಯ ಪೊರೆಯಿಂದ ನೀರು ತಡೆಯುತ್ತದೆ. ಜಾಣತನದ ಉಪಾಯ, ಆದರೆ ಅದನ್ನು ಬಿಚ್ಚಿದರೆ ಪೊರೆ ಹೋಗುತ್ತದೆ, ಅಲ್ಲಿಗೆ ಮಾಮೂಲಿ ಎಣ್ಣೆ ಬಿಟ್ಟರೂ ಕೆಡುತ್ತದೆ. ತಾನೇ ಬಿಚ್ಚಿ ತೊಳೆದು ಜೋಡಿಸುವ ಅಭ್ಯಾಸವಿರುವವರಿಗೆ ಇಂಥ ರೀಲು ಒಗ್ಗುವುದಿಲ್ಲ, ಪ್ರತಿ ಸಲ ಕಂಪನಿಯ ಸರ್ವಿಸ್ ಕೇಂದ್ರಕ್ಕೆ ಕಳಿಸಬೇಕು.

ದುಬಾರಿ ಎಂದ ಮಾತ್ರಕ್ಕೆ ಉಪ್ಪಿಗೆ ಗಟ್ಟಿ ಎಂದೂ ಅಲ್ಲ. ತೂಕ ಇಳಿಸಲು ಮೆಗ್ನೀಸಿಯಮ್ ದೇಹ ಹಾಕಿದ ರೀಲುಗಳಿವೆ. ಬಣ್ಣದ ಪದರ ಗಟ್ಟಿಯಾಗಿರುವವರೆಗೆ ಸರಿ. ಬಂಡೆಗೆ ತಾಗಿ ಗೀರು ಬಿದ್ದರೆ, ಅಥವಾ ಸ್ಟೀಲ್ ತಿರುಪಿನ ಸುತ್ತ ಉಪ್ಪುನೀರು ನಿಂತರೆ, ಲೋಹ ಬಿಳಿ ಪುಡಿಯಾಗಿ ಉದುರತೊಡಗುತ್ತದೆ. ಅದಕ್ಕಿಂತ ಅಗ್ಗದ ಕಾರ್ಬನ್ ಪ್ಲಾಸ್ಟಿಕ್ಕಿಗೆ ತುಕ್ಕು ಎಂಬುದೇ ಇಲ್ಲ.

ತೂಕ, ಮತ್ತು ದುಡ್ಡು ಕೆಲಸ ಮಾಡದ ಜಾಗಗಳು

ಮಧ್ಯಮ ದರ್ಜೆ ದಾಟಿದ ಮೇಲೆ ಹೆಚ್ಚಿನ ದುಡ್ಡು ಹೋಗುವುದು ತೂಕ ಇಳಿಸುವುದಕ್ಕೆ. 2500 ಗಾತ್ರದ ಸಾಮಾನ್ಯ ರೀಲು 230ರಿಂದ 270 ಗ್ರಾಂ ತೂಗುತ್ತದೆ, ಬಹಳ ಹಗುರವಾದವು 170 ಗ್ರಾಮಿನ ಹತ್ತಿರ ಬರುತ್ತವೆ. ನೂರು ಗ್ರಾಂ ಯಾವ ಲೆಕ್ಕ ಎನಿಸಬಹುದು. ಇನ್ನೂರು ಸಲ ಎಸೆದ ಸಂಜೆ ಮಣಿಕಟ್ಟಿಗೆ ಆ ಲೆಕ್ಕ ಸಿಗುತ್ತದೆ. ರೋಟರ್ ಹಗುರವಾದರೆ ಹಿಡಿಕೆ ಬೇಗ ಹೊರಟು ಬೇಗ ನಿಲ್ಲುತ್ತದೆ, ಲೂರನ್ನು ತಡೆದು ತಡೆದು ಎಳೆಯುವವರಿಗೆ ಅದು ದೊಡ್ಡ ಅನುಕೂಲ. ನೀರೊಳಗೆ ಲೂರಿಗೆ ಏನೋ ತಾಗಿದ್ದು ಕೈಗೆ ತಿಳಿಯುತ್ತದೆ. ಇದೇ ಹಗುರ ರೀಲನ್ನು ಹತ್ತಡಿಯ ಭಾರದ ರಾಡಿಗೆ ಹಾಕಿದರೆ ಮಾತ್ರ ರಾಡಿನ ತುದಿ ಕೆಳಗೆ ಜಗ್ಗಿ ಇನ್ನೂ ಹೆಚ್ಚು ದಣಿವಾಗುತ್ತದೆ. ಸ್ಟ್ಯಾಂಡಿನ ಮೇಲೆ ಒರಗಿಸಿಟ್ಟ ರಾಡಿನಲ್ಲಿ ತೂಕದ ಪ್ರಶ್ನೆಯೇ ಬರುವುದಿಲ್ಲ.

ದೂರ ಎಸೆಯಲು ದುಬಾರಿ ರೀಲು ಬೇಕು ಎಂಬ ನಂಬಿಕೆ ಬಹಳ ಜನರಿಗಿದೆ. ಎಸೆತದ ದೂರವನ್ನು ತೀರ್ಮಾನಿಸುವುದು ಮುಖ್ಯವಾಗಿ ದಾರದ ದಪ್ಪ, ಲೂರಿನ ತೂಕ, ರಾಡ್. ರೀಲಿನ ಪಾಲು ಸ್ಪೂಲಿನ ಅಂಚು ಎಷ್ಟು ನುಣುಪು, ದಾರ ಎಷ್ಟು ಸಮವಾಗಿ ಕೂತಿದೆ, ಸ್ಪೂಲ್ ಎಷ್ಟು ತುಂಬಿದೆ ಎನ್ನುವುದರಲ್ಲಿ. ದಾರವನ್ನು ಅಂಚಿಗಿಂತ ಒಂದೂವರೆಯಿಂದ ಎರಡು ಮಿ.ಮೀ. ಕೆಳಗಿನವರೆಗೆ ತುಂಬಿ. ಕಡಿಮೆ ತುಂಬಿದರೆ ದಾರ ಅಂಚಿಗೆ ಉಜ್ಜಿ ದೂರ ಕಳೆಯುತ್ತದೆ, ಅಂಚಿನವರೆಗೂ ತುಂಬಿದರೆ ಸುರುಳಿಗಳು ಒಟ್ಟಿಗೆ ಉದುರಿ ಸಿಕ್ಕಾಗುತ್ತವೆ. ಬ್ರೇಡ್ ಹಾಕುವವರು ಮೊದಲು ಹತ್ತು ಹದಿನೈದು ಸುತ್ತು ನೈಲಾನ್ ದಾರ ಸುತ್ತಿ ಅದರ ಮೇಲೆ ಬ್ರೇಡ್ ಕಟ್ಟಬೇಕು. ಇಲ್ಲದಿದ್ದರೆ ಜಾರುವ ಬ್ರೇಡ್ ಪೂರ್ತಿ ಸ್ಪೂಲಿನ ಮೇಲೆ ಸುಮ್ಮನೆ ತಿರುಗುತ್ತದೆ, ಡ್ರ್ಯಾಗ್ ಹಾಳಾಗಿದೆ ಎಂದು ಎಷ್ಟೋ ಜನ ಮೋಸಹೋಗುವುದು ಇದರಿಂದಲೇ.

ನಮ್ಮ ಮಟ್ಟಿಗೆ, ಹಣ ಸೀಮಿತವಾಗಿದ್ದರೆ ಅದು ಮೊದಲು ಹೋಗಬೇಕಾದ್ದು ಚೂಪಾದ ಗಾಳ ಮತ್ತು ಹೊಸ ದಾರಕ್ಕೆ, ಆಮೇಲೆ ರಾಡಿಗೆ, ಉಳಿದದ್ದು ರೀಲಿಗೆ. ರೀಲಿನಲ್ಲೂ ಮಧ್ಯಮ ದರ್ಜೆಯದನ್ನು ತೆಗೆದುಕೊಂಡು ಜೊತೆಗೊಂದು ಹೆಚ್ಚುವರಿ ಸ್ಪೂಲ್ ಇಟ್ಟುಕೊಂಡರೆ, ಒಂದರಲ್ಲಿ ನೈಲಾನ್, ಇನ್ನೊಂದರಲ್ಲಿ ಬ್ರೇಡ್ ಇಟ್ಟು ಎರಡು ಬಗೆಯ ಕೆಲಸ ಸಾಧಿಸಬಹುದು.

ಈ ಲೆಕ್ಕಾಚಾರ ಬೇಟ್‌ಕಾಸ್ಟಿಂಗ್ ರೀಲಿಗೆ ಹೊಂದುವುದಿಲ್ಲ. ಅಲ್ಲಿ ಎಸೆಯುವಾಗ ಸ್ಪೂಲೇ ತಿರುಗಬೇಕು, ಲೂರಿನ ತೂಕವೇ ಅದನ್ನು ಎಳೆಯಬೇಕು. ಸ್ಪೂಲ್ ಭಾರವಾಗಿದ್ದರೆ ಹಗುರ ಲೂರು ಅದನ್ನು ಹೊರಡಿಸಲಾರದು, ಹೊರಟರೂ ಲೂರು ನಿಧಾನವಾದ ಮೇಲೆ ಸ್ಪೂಲ್ ಓಡುತ್ತಲೇ ಇದ್ದು ದಾರವೆಲ್ಲ ಹಕ್ಕಿಗೂಡಾಗುತ್ತದೆ. ಹತ್ತು ಗ್ರಾಮಿಗಿಂತ ಹಗುರ ಲೂರು ಎಸೆಯುವ ಆಸೆಯಿದ್ದರೆ ಹಗುರ ಸ್ಪೂಲ್, ಒಳ್ಳೆಯ ಬೇರಿಂಗ್, ಹದವಾದ ಬ್ರೇಕ್ ಇರುವ ರೀಲಿಗೆ ದುಡ್ಡು ಕೊಡಲೇಬೇಕು. ಅಗ್ಗದ್ದು ಕಲಿಯುವವರ ಉತ್ಸಾಹವನ್ನೇ ಕೊಲ್ಲುತ್ತದೆ.

ಅಂಗಡಿಯಲ್ಲಿ ಏನು ನೋಡಬೇಕು

ಖಾಲಿ ಹಿಡಿಕೆ ತಿರುಗಿಸಿ "ಬೆಣ್ಣೆಯಂತಿದೆ" ಎಂದು ಒಪ್ಪಿಕೊಳ್ಳಬೇಡಿ. ದಪ್ಪ ಗ್ರೀಸು ತುಂಬಿದರೆ ಯಾವ ರೀಲೂ ಹಾಗೆಯೇ ಅನಿಸುತ್ತದೆ. ತೆಳು ಎಣ್ಣೆ ಹಾಕಿದ ಒಳ್ಳೆಯ ರೀಲಿನಲ್ಲಿ ಗೇರಿನ ಹಲ್ಲು ಕೈಗೆ ಸ್ವಲ್ಪ ತಿಳಿಯುವುದೂ ಉಂಟು. ರೋಟರನ್ನು ಎಡಗೈ ಬೆರಳಿನಿಂದ ತುಸು ತಡೆದು ಬಲಗೈಯಿಂದ ತಿರುಗಿಸಿ. ಭಾರ ಬಿದ್ದಾಗ ಸದ್ದು ಬದಲಾದರೆ, ಒರಟಾದರೆ, ದೇಹ ಬಾಗುತ್ತಿದೆ ಎಂದೇ ಅರ್ಥ. ಪಾದವನ್ನು ಒಂದು ಕೈಯಲ್ಲಿ, ದೇಹವನ್ನು ಇನ್ನೊಂದರಲ್ಲಿ ಹಿಡಿದು ಮೆಲ್ಲಗೆ ತಿರುಚಿ ನೋಡಿ. ಹಿಡಿಕೆಯನ್ನು ಹಿಂದಕ್ಕೆ ತಟ್ಟಿದರೆ ತಕ್ಷಣ ನಿಲ್ಲಬೇಕು. ಮಡಚುವ ಹಿಡಿಕೆಗಿಂತ ಗೇರಿನೊಳಗೇ ತಿರುಪಿನಂತೆ ಕೂರುವ ಹಿಡಿಕೆಯಲ್ಲಿ ಅಲುಗಾಟ ಕಡಿಮೆ. ದಾರದ ತುಂಡೊಂದನ್ನು ರೋಲರಿನ ಮೇಲೆ ಬಿಗಿಯಾಗಿ ಎಳೆದು, ಗಾಲಿ ದಾರದ ಜೊತೆ ತಿರುಗುತ್ತಿದೆಯೋ ಅಥವಾ ದಾರ ಅದರ ಮೇಲೆ ಜಾರುತ್ತಿದೆಯೋ ನೋಡಿ. ಬಿಡಿಭಾಗಗಳು ಸಿಗುತ್ತವೆಯೇ ಎಂದು ಕೇಳಿ. ಎರಡನೇ ವರ್ಷ ಬೇಲ್ ಸ್ಪ್ರಿಂಗ್ ಮುರಿದಾಗ ಅದು ಸಿಗದಿದ್ದರೆ ಅಗ್ಗದ ರೀಲು ಎಸೆಯುವ ವಸ್ತು, ದುಬಾರಿ ರೀಲು ಅಲಂಕಾರದ ವಸ್ತು.

ತೊಳೆಯುವುದು, ಎಣ್ಣೆ ಹಾಕುವುದು

ಉಪ್ಪುನೀರಿನಿಂದ ಬಂದ ದಿನವೇ ಡ್ರ್ಯಾಗನ್ನು ಪೂರ್ತಿ ಬಿಗಿ ಮಾಡಿ, ಬಿಲ್ಲೆಗಳಿಗೆ ನೀರು ಇಳಿಯದಂತೆ. ಸಿಹಿನೀರನ್ನು ಮೆಲ್ಲಗೆ, ಮಳೆಹನಿಯಂತೆ ಹಾಕಿ, ರೋಲರನ್ನು ಬೆರಳಿನಿಂದ ತಿರುಗಿಸುತ್ತ ತೊಳೆಯಿರಿ. ಪೈಪಿನಿಂದ ಜೋರಾಗಿ ಹೊಡೆದರೆ ಹೊರಗಿನ ಉಪ್ಪು ಸೀಲು ದಾಟಿ ಒಳಗೆ ಹೋಗುತ್ತದೆ. ಬಕೆಟ್ಟಿನಲ್ಲಿ ಅದ್ದಿಡುವುದೂ ಅಷ್ಟೇ ಕೆಟ್ಟದ್ದು. ಒರೆಸಿ, ನೆರಳಲ್ಲಿ ಒಣಗಿಸಿ, ಡ್ರ್ಯಾಗ್ ಸಡಿಲಿಸಿ ಎತ್ತಿಡಿ.

ಎಣ್ಣೆಯ ವಿಷಯದಲ್ಲಿ ಅತಿ ಎನ್ನುವುದೇ ಹೆಚ್ಚು ಹಾಳು ಮಾಡುತ್ತದೆ. ಲೈನ್ ರೋಲರಿಗೆ, ಹಿಡಿಕೆಯ ಗುಂಡಿಗೆ ಒಂದೊಂದು ಹನಿ. ರೋಲರ್ ಮ್ಯಾಗ್‌ಸೀಲ್ ಆಗಿದ್ದರೆ ಅದೂ ಬೇಡ. ಮೇನ್ ಗೇರಿಗೆ ಗ್ರೀಸನ್ನು ಹಲ್ಲಿನ ಮೇಲೆ ತೆಳ್ಳಗೆ. ತುಕ್ಕು ಬಿಡಿಸುವ ಸ್ಪ್ರೇಯನ್ನು ಎಣ್ಣೆಯ ಬದಲು ಬಳಸಿದರೆ ಅದು ಇದ್ದ ಗ್ರೀಸನ್ನೂ ಕರಗಿಸಿಕೊಂಡು ಹೋಗುತ್ತದೆ. ರೋಲರ್ ಕ್ಲಚ್ಚಿಗೆ ಮಾತ್ರ ಗ್ರೀಸು ತಾಗಲೇಬಾರದು. ಅದರೊಳಗಿನ ಸಣ್ಣ ಉರುಳೆಗಳು ಇಳಿಜಾರಿನಲ್ಲಿ ಸಿಕ್ಕಿಕೊಂಡೇ ಹಿಡಿಕೆಯನ್ನು ತಡೆಯಬೇಕು. ಗ್ರೀಸಿನಲ್ಲಿ ಅವು ಹಿಂದೆ ಉಳಿದರೆ ಮೀನು ಕಚ್ಚಿ ನೀವು ರಾಡ್ ಎತ್ತಿದ ಕ್ಷಣದಲ್ಲಿ ಹಿಡಿಕೆ ಗಿರ್ರನೆ ಹಿಂದಕ್ಕೆ ತಿರುಗಿ ಬೆರಳಿಗೆ ಬಡಿಯುತ್ತದೆ. ಆಗ ಕ್ಲಚ್ ಬಿಚ್ಚಿ, ಪೂರ್ತಿ ಒರೆಸಿ, ಅತಿ ತೆಳು ಎಣ್ಣೆಯನ್ನು ಕಂಡೂ ಕಾಣದಷ್ಟು ಸವರಿದರೆ ಬಹುತೇಕ ಸರಿಹೋಗುತ್ತದೆ.

ಮೇಲ್ದರ್ಜೆಯ ರೀಲಿನ ಆಸೆಯಿದ್ದು ಹೊಸದರ ಬೆಲೆ ಕೈಗೆಟುಕದವರು ಹಿಂದಿನ ಮಾದರಿಯ ಬಳಸಿದ ರೀಲನ್ನೂ ನೋಡಬಹುದು. ಮೊದಲು ಸ್ಪೂಲ್ ತೆಗೆದು ಶಾಫ್ಟ್ ನೋಡಿ, ಆಮೇಲೆ ಪಾದದ ಬುಡದ ತಿರುಪುಗಳನ್ನು. ತಿರುಪಿನ ತಲೆ ಸವೆದಿದ್ದರೆ ಯಾರೋ ಸರಿಯಾದ ಸಾಧನವಿಲ್ಲದೆ ಬಿಚ್ಚಿದ್ದಾರೆ, ತಿರುಪಿನ ಸುತ್ತ ಬಣ್ಣ ಉಬ್ಬಿದ್ದರೆ ಕೆಳಗೆ ಲೋಹ ಕೊಳೆಯುತ್ತಿದೆ. ಹಿಡಿಕೆಯನ್ನು ಅತಿ ನಿಧಾನವಾಗಿ ತಿರುಗಿಸಿದಾಗ ಪ್ರತಿ ಸುತ್ತಿನಲ್ಲೂ ಒಂದೇ ಜಾಗದಲ್ಲಿ ಕಟಕ್ ಎಂದರೆ ಮೇನ್ ಗೇರಿನ ಹಲ್ಲಿಗೆ ಪೆಟ್ಟಾಗಿದೆ. ಸುತ್ತಿಗೆ ಐದಾರು ಸಲ ಬಂದರೆ ಪಿನಿಯನ್ ಅಥವಾ ಅದರ ಬೇರಿಂಗ್. ಬೇರಿಂಗಾದರೆ ಬದಲಿಸಿಕೊಂಡು ಬಳಸಬಹುದು, ಮೇನ್ ಗೇರಾದರೆ ಹೊಸ ಗೇರಿನ ಬೆಲೆ ಕೇಳಿಕೊಂಡು ಆಮೇಲೆ ಚೌಕಾಸಿಗೆ ಇಳಿಯಿರಿ.